ಘಟ್ಟ ಇಳಿಯುವ ರೈಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ: ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ದಾಟಿ ಕರಾವಳಿಗೆ ಹೋಗುವ ರೈಲು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ನನ್ನ ಊರು ಬಂಟ್ವಾಳದ ಹತ್ತಿರ, ಅನ್ನ ಬೆಂಗಳೂರಿನದು. ಈ ದಾರಿಯಲ್ಲಿ ಎಷ್ಟು ಸಲ ಹೋಗಿ ಬಂದಿದ್ದೇನೋ ಲೆಕ್ಕ ಇಟ್ಟಿಲ್ಲ.

ಪ್ರಶ್ನೆ: ನನ್ನ ಹೆಂಡತಿಯ ಊರು ಪುತ್ತೂರು. ಮದುವೆಯಾದ ಮೇಲೆ ಮೊದಲ ಸಲ ಹಗಲಿನ ಗಾಡಿಯಲ್ಲಿ ಹೋದೆವು. ಸಕಲೇಶಪುರದವರೆಗೆ ಚೆನ್ನಾಗಿ ಓಡಿತು. ಅಲ್ಲಿಂದ ಮುಂದೆ ಎತ್ತಿನಗಾಡಿ ಥರ. ಬರೀ 55 ಕಿಲೋಮೀಟರಿಗೆ ಎರಡು ಗಂಟೆ ಮೀರಿ ಹಿಡಿಯಿತು. ಇಷ್ಟು ನಿಧಾನ ಯಾಕೆ ಸಾರ್? (ಬೆಂಗಳೂರಿನ ಓದುಗರು)

ಉತ್ತರ: ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸುಬ್ರಹ್ಮಣ್ಯ ರೋಡ್ ಘಟ್ಟದ ಬುಡದಲ್ಲಿದೆ. ಇಷ್ಟು ಎತ್ತರವನ್ನು ನಿಮ್ಮ ಗಾಡಿ ಆ 55 ಕಿಲೋಮೀಟರಿನಲ್ಲೇ ಇಳಿಯಬೇಕು. ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ ಹಳಿ 1 ಮೀಟರ್ ಕೆಳಗೆ ಇಳಿದಿರುತ್ತದೆ.

ರಸ್ತೆಯ ಲೆಕ್ಕದಲ್ಲಿ ಇದು ಏನೇನೂ ಅಲ್ಲ, ನಮ್ಮೂರಿನ ಅಂಗಳಕ್ಕೆ ಇಳಿಯುವ ದಾರಿ ಇದಕ್ಕಿಂತ ಕಡಿದು. ಆದರೆ ರೈಲಿನಲ್ಲಿ ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ, ಹಿಡಿತ ತುಂಬಾ ಕಡಿಮೆ. ಒಂದು ಬೋಗಿ ಸುಮಾರು 23 ಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. ಹದಿನೈದು ಬೋಗಿಯ ಗಾಡಿ ಪೂರ್ತಿ ಇಳಿಜಾರಿನ ಮೇಲಿದ್ದಾಗ ಮುಂದಿನ ತುದಿ ಹಿಂದಿನ ತುದಿಗಿಂತ ಹತ್ತಿರ ಹತ್ತಿರ 7 ಮೀಟರ್ ಕೆಳಗಿರುತ್ತದೆ. ಎರಡಂತಸ್ತಿನ ಮನೆಯಷ್ಟು! ಅಷ್ಟೂ ಭಾರ ಎಂಜಿನ್ನನ್ನು ಹಿಂದಿನಿಂದ ತಳ್ಳುತ್ತಾ ಇರುತ್ತದೆ, ಜೊತೆಗೆ ಬಿಗಿಯಾದ ತಿರುವುಗಳು, ಮಳೆಗಾಲವಾದರೆ ಒದ್ದೆ ಹಳಿ, ಹಳಿಯ ಮೇಲೆ ಬಿದ್ದು ಅಂಟಿಕೊಂಡ ಎಲೆ. ಇಲ್ಲಿ ಗಂಟೆಗೆ 30 ಕಿಲೋಮೀಟರ್ ಅಂತ ಮಿತಿ ಇಟ್ಟಿರುವುದು ಅದಕ್ಕೇ. ಆ ವೇಗದಲ್ಲಿ ಎಲ್ಲೂ ನಿಲ್ಲದೆ ಹೋದರೂ 55 ಕಿಲೋಮೀಟರಿಗೆ 1 ಗಂಟೆ 50 ನಿಮಿಷ ಬೇಕು. ನಡುವೆ ಎದುರು ಗಾಡಿಗೆ ದಾರಿ ಬಿಡಲು ನಿಲ್ಲುವುದು ಸೇರಿದರೆ ನಿಮ್ಮ ಲೆಕ್ಕ ಸರಿಯಾಯಿತು.

ಘಟ್ಟದಲ್ಲಿ ಗಾಡಿ ಸುಮ್ನೆ ನಿಂತಂತೆ ಕಾಣುವುದಕ್ಕೂ ಕಾರಣ ಇರುತ್ತದೆ. ಇಂಥ ಇಳಿಜಾರಿನ ಮಾರ್ಗಗಳಲ್ಲಿ ಕ್ಯಾಚ್ ಸೈಡಿಂಗ್ ಅಂತ ಒಂದು ಏರ್ಪಾಡಿದೆ. ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡದ ಕಡೆಗೆ ಏರಿಕೊಂಡು ಹೋಗಿ ಅಲ್ಲೇ ಮುಗಿಯುವ ಒಂದು ಹಳಿ. ಬ್ರೇಕ್ ಕೈಕೊಟ್ಟ ಗಾಡಿ ಬಂದರೆ ಅದು ಆ ಏರಿನ ಮೇಲೆ ಹತ್ತಿ ತಾನಾಗಿ ನಿಲ್ಲಬೇಕು. ಸರಿಯಾಗಿರುವ ಗಾಡಿ ಮೊದಲು ನಿಂತು, ತನ್ನ ಬ್ರೇಕ್ ಹಿಡಿತದಲ್ಲಿದೆ ಅಂತ ತೋರಿಸಿದ ಮೇಲೆ ಮುಂದಿನ ದಾರಿ ಸಿಗುತ್ತದೆ. ಹತ್ತುವಾಗಿನ ಕಷ್ಟ ಬೇರೆ. ಭಾರದ ಗಾಡಿಗಳಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಹಾಕುತ್ತಾರೆ. ನೀವು ಕೊನೆಯ ಬೋಗಿಯಲ್ಲಿದ್ದರೆ ಬೆನ್ನ ಹಿಂದೆಯೇ ಅದರ ಗುಡುಗು ಕೇಳುತ್ತದೆ.

ಹಾಗಾಗಿ ಈ ನಿಧಾನದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ಬೇರೆಯೇ, ಅದನ್ನು ಮುಂದೆ ಹೇಳುತ್ತೇನೆ.

ಪ್ರಶ್ನೆ: ಯಾವ ಕಡೆ ಕೂತರೆ ಕಣಿವೆ ಚೆನ್ನಾಗಿ ಕಾಣುತ್ತದೆ? (ತುಮಕೂರು)

ಉತ್ತರ: ಬೆಂಗಳೂರಿನಿಂದ ಇಳಿಯುವಾಗ ಬಲಗಡೆ. ಕೆಂಪುಹೊಳೆಯ ಕಣಿವೆ ಹೆಚ್ಚಾಗಿ ಆ ಕಡೆಗೇ ಸಿಗುತ್ತದೆ. ಬರುವಾಗ ಎಡಗಡೆ. ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಇಲ್ಲಿ 2021ರ ಜುಲೈನಲ್ಲಿ ಶುರುವಾಯಿತು. ಒಂದು ಬೋಗಿಗೆ 44 ಸೀಟು, ಕುರ್ಚಿ ತಿರುಗಿಸಿಕೊಳ್ಳಬಹುದು. ದುಡ್ಡಿದ್ದರೆ ಒಂದು ಸಲ ಹೋಗಿ. ಆದರೆ ಜನರಲ್ ಬೋಗಿಯ ಕಿಟಕಿಯಲ್ಲಿ ಮುಖಕ್ಕೆ ಬಡಿಯುವ ಆ ತಣ್ಣನೆ ಗಾಳಿ, ಸುರಂಗ ಬಂದಾಗೆಲ್ಲ ಮಕ್ಕಳು ಒಟ್ಟಿಗೆ "ಹೋ..." ಅಂತ ಕೂಗುವುದು, ಗಾಜಿನ ಒಳಗೆ ಕೂತರೆ ಅದೆಲ್ಲ ಇಲ್ಲ. ಕೂಗಿ ಕೂಗಿ ಮಕ್ಕಳ ಗಂಟಲು ಬಿದ್ದುಹೋಗುತ್ತದೆ. ಯಾಕೆಂದರೆ ಸುರಂಗ ಒಂದಲ್ಲ ಎರಡಲ್ಲ, 57.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 80ರ ದಶಕದಲ್ಲಿ ಹಾಸನದಿಂದ ಮಂಗಳೂರಿಗೆ ರೈಲಿನಲ್ಲೇ ಹೋಗಿದ್ದೇನೆ. ನನ್ನ ಮೊಮ್ಮಗ ಮಾತ್ರ "ಇಲ್ಲ ತಾತ, ಇಲ್ಲಿ ರೈಲು ಬಂದಿದ್ದೇ 2007ರಲ್ಲಿ" ಅಂತ ವಾದ ಮಾಡುತ್ತಾನೆ. ಯಾರದು ಸರಿ? (ಹಾಸನ)

ಉತ್ತರ: ನಿಮ್ಮದೇ ಸರಿ ಮೇಷ್ಟ್ರೇ. ಮೊಮ್ಮಗನ ಇಸವಿಯೂ ಸುಳ್ಳಲ್ಲ, ಆದರೆ ಅವನು ಕೇಳಿಸಿಕೊಂಡಿರುವುದು ಕಥೆಯ ಎರಡನೇ ಭಾಗ ಮಾತ್ರ.

ಹಾಸನ–ಮಂಗಳೂರು ಮಾರ್ಗದ ಕೆಲಸ ಶುರುವಾಗಿದ್ದು 60ರ ದಶಕದಲ್ಲಿ. ಪಣಂಬೂರಿನಲ್ಲಿ ದೊಡ್ಡ ಬಂದರು ಬರುತ್ತಿತ್ತು, ಅದಕ್ಕೆ ಘಟ್ಟದ ಮೇಲಿನಿಂದ ಒಂದು ರೈಲು ಬೇಕೇ ಬೇಕಿತ್ತು. ಅಲ್ಲಿಯವರೆಗೆ ಮಂಗಳೂರಿಗೆ ರೈಲು ಇರಲಿಲ್ಲ ಅಂತಲ್ಲ. 1907ರಲ್ಲೇ ಬಂದಿತ್ತು, ಆದರೆ ಕೇರಳದ ಕಡೆಯಿಂದ. ಯೋಚಿಸಿ ನೋಡಿ, ಮಂಗಳೂರಿನವರು ರೈಲಿನಲ್ಲಿ ಮದ್ರಾಸಿಗೆ ಸಲೀಸಾಗಿ ಹೋಗಬಹುದಿತ್ತು, ತಮ್ಮದೇ ರಾಜ್ಯದ ರಾಜಧಾನಿಗೆ ಮಾತ್ರ ನೇರ ರೈಲಿಲ್ಲ, ಘಟ್ಟದ ರಸ್ತೆಯೇ ಗತಿ. ಕಾಡು ಕಡಿದು, ಬಂಡೆ ಒಡೆದು, ಸುರಂಗ ಕೊರೆದು ಮೀಟರ್ ಗೇಜ್ ಹಳಿ, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರ ಇರುವ ಹಳಿ, ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ನೀವು ಹೋಗಿದ್ದು ಅದರಲ್ಲೇ.

ಆಮೇಲೆ ದೇಶದ ಉದ್ದಕ್ಕೂ ಹಳಿಗಳನ್ನು ಅದಕ್ಕಿಂತ ಅಗಲದ ಬ್ರಾಡ್ ಗೇಜ್ ಮಾಡುವ ಕೆಲಸ ಬಂತು. 1996ರಲ್ಲಿ ಘಟ್ಟದ ಭಾಗವನ್ನು ಮುಚ್ಚಿದರು. ಮುಚ್ಚಿದ್ದು ಬಹಳ ವರ್ಷ ಹಾಗೇ ಉಳಿಯಿತು. ದುಡ್ಡು ಸಾಲದೆ ಕೆಲಸ ಎಳೆಯಿತು. ಕೊನೆಗೆ ರಾಜ್ಯ ಸರ್ಕಾರ ಮತ್ತು ರೈಲ್ವೆ ಸೇರಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಅಂತ ಮಾಡಿಕೊಂಡ ಮೇಲೆ ಕೆಲಸ ಹಿಡಿತಕ್ಕೆ ಬಂತು. 2006ರಲ್ಲಿ ಗೂಡ್ಸ್ ಓಡಿತು. ಜನರನ್ನು ಹೊತ್ತ ಗಾಡಿ ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುವೆ ಕಳೆದದ್ದು 11 ವರ್ಷ. ಅಷ್ಟರಲ್ಲಿ ಕರಾವಳಿಯ ಒಂದು ತಲೆಮಾರಿನ ಹುಡುಗರು ರೈಲನ್ನೇ ಮರೆತು, ರಾತ್ರಿ ಬಸ್ಸಿನಲ್ಲಿ ಶಿರಾಡಿಯ ಗುಂಡಿಗಳ ಮೇಲೆ ಕುಲುಕಾಡಿಕೊಂಡು ಬೆಂಗಳೂರಿಗೆ ಹೋಗಿ ಬಂದು ಮಾಡಿದರು. ಆ ಹುಡುಗರಲ್ಲಿ ನಾನೂ ಒಬ್ಬ. ಹಬ್ಬಕ್ಕೆ ಊರಿಗೆ ಹೊರಟವನು ಗುಂಡ್ಯದ ಹತ್ತಿರ ಕೆಟ್ಟು ನಿಂತ ಬಸ್ಸಿನಲ್ಲೇ ಬೆಳಗು ಮಾಡಿದ ರಾತ್ರಿ ಇನ್ನೂ ನೆನಪಿದೆ. ಮನೆ ಮುಟ್ಟುವಾಗ ಹಬ್ಬದೂಟದ ಎಲೆ ಎತ್ತಿಯಾಗಿತ್ತು. ಅಮ್ಮ ನನ್ನ ಪಾಲಿನ ಕಡುಬನ್ನು ಬಾಡಿದ ಬಾಳೆಲೆಯಲ್ಲಿ ಮುಚ್ಚಿಟ್ಟಿದ್ದರು.

ಇನ್ನೊಂದು ಮಾತನ್ನೂ ಮೊಮ್ಮಗನಿಗೆ ಹೇಳಿ. ಬೆಂಗಳೂರಿನಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ಮಾರ್ಗ ಸಿಕ್ಕಿದ್ದು 2017ರ ಮಾರ್ಚಿನಲ್ಲಿ. ಅದಕ್ಕೂ ಮೊದಲು ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿಕೊಂಡು ಹೋಗಬೇಕಿತ್ತು.

ಪ್ರಶ್ನೆ: ಅಮ್ಮನಿಗೆ ಮಂಡಿ ನೋವು, ಬಸ್ಸಿನಲ್ಲಿ ಕೂರಲು ಆಗುವುದಿಲ್ಲ. ಬೆಂಗಳೂರಿನಿಂದ ಕುಂದಾಪುರಕ್ಕೆ ಕರೆದುಕೊಂಡು ಹೋಗಬೇಕು. ಮಂಗಳೂರಿನಲ್ಲಿ ಗಾಡಿ ಬದಲಿಸಬೇಕಾ? ಟಿಕೆಟ್ ಯಾವಾಗ ಮಾಡಿಸಬೇಕು? (ಬೆಂಗಳೂರು)

ಉತ್ತರ: ಬದಲಿಸುವುದು ಬೇಡ. ಪಂಚಗಂಗಾ ಎಕ್ಸ್‌ಪ್ರೆಸ್ ಅಂತ ಬೆಂಗಳೂರು–ಕಾರವಾರ ರಾತ್ರಿ ಗಾಡಿ ಇದೆ. ಕುಂದಾಪುರದ ಪಕ್ಕ ಹರಿಯುವ ಪಂಚಗಂಗಾವಳಿಯ ಹೆಸರೇ ಅದಕ್ಕೆ. ಇದು ಮಂಗಳೂರು ನಿಲ್ದಾಣದ ಒಳಗೆ ಹೋಗದೆ ಊರಿನ ಅಂಚಿನ ಪಡೀಲಿನಲ್ಲೇ ತಿರುಗಿ ಸುರತ್ಕಲ್, ಉಡುಪಿ ಕಡೆಗೆ ಹೋಗುತ್ತದೆ. ಮೊದಲು ಕಾರವಾರದ ಗಾಡಿ ಮಂಗಳೂರಿಗೆ ಹೋಗಿ, ಎಂಜಿನ್ ಆ ಕಡೆಯಿಂದ ಈ ಕಡೆಗೆ ಹಾಕಿಕೊಂಡು ಹೊರಡುವಷ್ಟರಲ್ಲಿ ಕುಂದಾಪುರದವರಿಗೆ ಅರ್ಧ ದಿನವೇ ಹೋಗುತ್ತಿತ್ತು. ಇದನ್ನು ಬದಲಿಸಿ ಅಂತ ಅಲ್ಲಿಯ ಜನ ವರ್ಷಗಟ್ಟಲೆ ಪಟ್ಟು ಹಿಡಿದು ಕೇಳಿದ್ದಕ್ಕೆ 2020ರಲ್ಲಿ ಈ ಗಾಡಿ ಬಂತು.

ಟಿಕೆಟ್ ಈಗ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ, ಬೆಳಗ್ಗೆ 8 ಗಂಟೆಗೆ. ಮೊದಲಿನ 120 ದಿನದ ಲೆಕ್ಕ 2024ರ ನವೆಂಬರಿನಿಂದ ಇಲ್ಲ. ಶುಕ್ರವಾರ, ಹಬ್ಬ ಅಂತಾದರೆ ಅವತ್ತೇ ಮಾಡಿಸಿ. ಅಮ್ಮನ ವಯಸ್ಸನ್ನು ಸರಿಯಾಗಿ ಹಾಕಿ ಲೋವರ್ ಬರ್ತ್ ಕೇಳಿ. ತಪ್ಪಿದರೆ ತತ್ಕಾಲ್, ಹಿಂದಿನ ದಿನ ಎಸಿಗೆ 10 ಗಂಟೆ, ಸ್ಲೀಪರಿಗೆ 11 ಗಂಟೆ. ಆನ್‌ಲೈನಿನಲ್ಲಿ ತತ್ಕಾಲ್ ಮಾಡಿಸಲು ಖಾತೆಗೆ ಆಧಾರ್ ಜೋಡಿಸಿರಬೇಕು, ಅದನ್ನು ಈಗಲೇ ಮಾಡಿಟ್ಟುಕೊಳ್ಳಿ. 11 ಗಂಟೆಗೆ ಕೂತು ಒಟಿಪಿ ಕಾಯುತ್ತಿದ್ದರೆ ಸೀಟು ಕಣ್ಣೆದುರೇ ಖಾಲಿ. ಕುಂದಾಪುರ ಸ್ಟೇಷನ್ ಪೇಟೆಯಲ್ಲಿಲ್ಲ, ಮೂಡ್ಲಕಟ್ಟೆಯಲ್ಲಿದೆ. ಆಟೋದವರಿಗೆ ಮೊದಲೇ ಫೋನ್ ಮಾಡಿಟ್ಟರೆ ಅಮ್ಮನನ್ನು ಕಾಯಿಸುವುದು ತಪ್ಪುತ್ತದೆ.

ಪ್ರಶ್ನೆ: ಕುಕ್ಕೆಗೆ ಹೋಗಲು ಎಲ್ಲಿ ಇಳಿಯಬೇಕು? (ಚಿತ್ರದುರ್ಗ)

ಉತ್ತರ: ಸುಬ್ರಹ್ಮಣ್ಯ ರೋಡ್. ಸ್ಟೇಷನ್ ಇರುವ ಜಾಗ ನೆಟ್ಟಣ. ದೇವಸ್ಥಾನ ಅಲ್ಲಿಂದ ಹನ್ನೆರಡು ಕಿಲೋಮೀಟರ್ ಆಸುಪಾಸು, ಬಸ್ಸು, ಜೀಪು ಸಿಗುತ್ತವೆ.

ಪ್ರಶ್ನೆ: ನಾವು ಐದು ಜನ ಇಂಜಿನಿಯರಿಂಗ್ ಹುಡುಗರು. ದೋಣಿಗಲ್‌ನಿಂದ ಯಡಕುಮರಿವರೆಗೆ ಹಳಿ ಮೇಲೆ ಟ್ರೆಕ್ಕಿಂಗ್ ಮಾಡಬೇಕು ಅಂತಿದ್ದೇವೆ. ಸೀನಿಯರ್‌ಗಳು ಹೋಗಿ ಬಂದಿದ್ದಾರಂತೆ. ಯಾವ ತಿಂಗಳು ಒಳ್ಳೆಯದು? (ಮೈಸೂರು)

ಉತ್ತರ: ಯಾವ ತಿಂಗಳೂ ಅಲ್ಲ. ಹಳಿ ಮೇಲೆ ನಡೆಯುವುದು ಕಾನೂನಿಗೆ ವಿರುದ್ಧ, ಹಿಡಿದರೆ ದಂಡ ಇದೆ. ಅದು ಬಿಡಿ. ಮೀಟರ್ ಗೇಜ್ ಮುಚ್ಚಿದ್ದ ಕಾಲದಲ್ಲಿ ಅಲ್ಲಿ ಗಾಡಿಯೇ ಇರಲಿಲ್ಲ, ಜನ ನಡೆದರು, ಆ ಕಥೆಯೇ ಬಾಯಿಂದ ಬಾಯಿಗೆ ಉಳಿದುಕೊಂಡಿದೆ. ಈಗ ಹಗಲು ರಾತ್ರಿ ಗೂಡ್ಸ್ ಓಡುತ್ತದೆ, ಅದಕ್ಕೆ ನಿಮ್ಮ ಮೊಬೈಲಿನಲ್ಲಿ ವೇಳಾಪಟ್ಟಿ ಸಿಗುವುದಿಲ್ಲ. ಇಳಿದು ಬರುವ ಗಾಡಿ ಹತ್ತುವ ಗಾಡಿಯಷ್ಟು ಸದ್ದು ಮಾಡುವುದಿಲ್ಲ, ತಿರುವಿನಾಚೆ ಏನಿದೆ ಅಂತ ಕಾಣುವುದಿಲ್ಲ. ಸೇತುವೆಯ ನಡುವೆ ಸಿಕ್ಕಿಕೊಂಡರೆ ಎಲ್ಲಿಗೆ ಹಾರುತ್ತೀರಿ ತಮ್ಮಾ? ಇಂಥ ಸೇತುವೆ ಆ 55 ಕಿಲೋಮೀಟರಿನಲ್ಲಿ ನೂರಕ್ಕೂ ಜಾಸ್ತಿ ಇವೆ. ಐದು ಜನರೂ ಹಗಲು ಗಾಡಿಯ ಟಿಕೆಟ್ ತೆಗೆದು ಕಿಟಕಿಯಲ್ಲಿ ಕೂತುಕೊಳ್ಳಿ. ಬಾಗಿಲಲ್ಲಿ ನೇತಾಡುವುದೂ ಬೇಡ, ಸುರಂಗದ ಗೋಡೆ ಬಹಳ ಹತ್ತಿರ ಬರುತ್ತದೆ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಹದಿನೈದು ದಿನಕ್ಕೊಮ್ಮೆ ರಾತ್ರಿ ರೈಲಿನಲ್ಲಿ ಊರಿಗೆ ಬರುತ್ತಾನೆ. ಮಳೆಗಾಲ ಬಂತೆಂದರೆ ನನಗೆ ನಿದ್ದೆ ಇಲ್ಲ. ಗುಡ್ಡ ಕುಸಿದ ಸುದ್ದಿ ಪ್ರತಿ ವರ್ಷವೂ ಬರುತ್ತದೆ. ಆ ಗಾಡಿಯನ್ನು ಯಾವ ಧೈರ್ಯದ ಮೇಲೆ ಬಿಡುತ್ತಾರೆ? (ಪುತ್ತೂರು)

ಉತ್ತರ: ಅಮ್ಮಾ, ನಿಮ್ಮ ಹೆದರಿಕೆ ಸುಮ್ನೆ ಅಲ್ಲ. 2018ರ ಆಗಸ್ಟಿನಲ್ಲಿ ಎಷ್ಟೋ ಕಡೆ ಗುಡ್ಡ ಜಾರಿ ಈ ಮಾರ್ಗ ವಾರಗಟ್ಟಲೆ ಬಂದ್ ಆಗಿತ್ತು. 2024ರ ಜುಲೈ ಕೊನೆಯಲ್ಲಿ ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಮಳೆ ಅಲ್ಲಿ ಸುರಿಯುವ ರೀತಿ ನಿಮಗೆ ನಾನು ಹೇಳಬೇಕಿಲ್ಲ. ನೀರು ಕುಡಿದು ಕುಡಿದು ಮಣ್ಣು ಭಾರವಾಗುತ್ತದೆ, ಕೆಳಗಿನ ಬಂಡೆಯ ಮೇಲೆ ಅದಕ್ಕೆ ಹಿಡಿತ ತಪ್ಪುತ್ತದೆ.

ಆದರೆ ಗಾಡಿಯನ್ನು ಬಿಡುವುದು ಕಣ್ಣು ಮುಚ್ಚಿಕೊಂಡಲ್ಲ. ಮಳೆಗಾಲದಲ್ಲಿ ಘಟ್ಟದ ಹಳಿಯನ್ನು ಜನ ನಡೆದು ಕಾಯುತ್ತಾರೆ, ರಾತ್ರಿಯಿಡೀ. ಅಪಾಯ ಇದೆ ಅಂತ ಗೊತ್ತಿರುವ ಕಡೆ ಕಾವಲಿಗೆ ಒಬ್ಬರು ಇದ್ದೇ ಇರುತ್ತಾರೆ. ಹಳಿ ಮೇಲೆ ಕಲ್ಲೋ ಮರವೋ ಬಿದ್ದದ್ದು ಕಂಡರೆ ಕೆಂಪು ದೀಪ ಹಿಡಿದು ಗಾಡಿ ಬರುವ ದಿಕ್ಕಿಗೆ ಓಡಬೇಕು. ದೀಪ ಮಂಜಿನಲ್ಲಿ ಕಾಣದೆ ಹೋದರೆ ಅಂತ ಅವರ ಹತ್ತಿರ ಪಟಾಕಿಯಂಥ ಡಿಟೊನೇಟರ್ ಇರುತ್ತದೆ. ಅದನ್ನು ಹಳಿಗೆ ಕಟ್ಟಿಡುತ್ತಾರೆ, ಚಕ್ರ ಹತ್ತಿದರೆ ಢಂ ಅಂತ ಸಿಡಿಯುತ್ತದೆ. ಆ ಸದ್ದು ಕೇಳಿದ ಚಾಲಕ ಗಾಡಿ ನಿಲ್ಲಿಸಲೇಬೇಕು.

ಒಂದು ಜುಲೈ ತಿಂಗಳ ರಾತ್ರಿ ನಮ್ಮ ಗಾಡಿ ಘಟ್ಟದ ನಡುವೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ತುಂಬಾ ಹೊತ್ತು ನಿಂತಿತ್ತು. ಕಿಟಕಿ ಎತ್ತಿದೆ. ಹೊರಗೆ ಮಳೆ ಬಿಟ್ಟು ಇನ್ನೇನೂ ಇಲ್ಲ. ಆಮೇಲೆ ದೂರದಲ್ಲಿ ಒಂದು ಬೆಳಕು, ನೆಲಕ್ಕೆ ಹತ್ತಿರವಾಗಿ ಆ ಕಡೆ ಈ ಕಡೆ ಆಡುತ್ತಾ ಬಂತು. ಹತ್ತಿರ ಬಂದ ಮೇಲೆ ಕಂಡರು, ರೈನ್‌ಕೋಟ್ ಹಾಕಿಕೊಂಡ ಒಬ್ಬ ಗ್ಯಾಂಗ್‌ಮನ್. ಟಾರ್ಚಿನ ಬೆಳಕನ್ನು ಹಳಿಯ ಬುಡಕ್ಕೇ ಹಿಡಿದಿದ್ದರು, ಮುಖ ಎತ್ತಿ ನಮ್ಮ ಗಾಡಿಯ ಕಡೆ ನೋಡಲೂ ಇಲ್ಲ. ಬೂಟು ಬಿಚ್ಚಿ ಪ್ಲಾಟ್‌ಫಾರ್ಮಿನ ಅಂಚಿಗೆ ಕವುಚಿದರು, ಲೋಟದಷ್ಟು ನೀರು ಬಿತ್ತು. ಕಾಲಿನಿಂದ ಎರಡು ಜಿಗಣೆ ಕಿತ್ತು ಎಸೆದರು, ಬೂಟು ಹಾಕಿಕೊಂಡರು, ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಸಿಗ್ನಲ್ ಹಸಿರಾಯಿತು. ಇಡೀ ಬೋಗಿ ಮಲಗಿತ್ತು.

ಗಾಡಿ ತಡವಾದ ರಾತ್ರಿ, ಯಾರೋ ಮುಂದಿನ ದಾರಿಯನ್ನು ನಡೆದು ನೋಡುತ್ತಿದ್ದಾರೆ ಅಂತ ತಿಳಿದುಕೊಳ್ಳಿ. ಮಳೆ ವಿಪರೀತವಾದ ದಿನ ಗಾಡಿಯನ್ನೇ ರದ್ದು ಮಾಡುತ್ತಾರೆ, ಇಲ್ಲವೇ ಬೇರೆ ದಾರಿಯಲ್ಲಿ ಕಳಿಸುತ್ತಾರೆ. ಹೊರಡುವ ಮೊದಲು 139ಕ್ಕೆ ಫೋನ್ ಮಾಡಿ ವಿಚಾರಿಸಲು ಮಗನಿಗೆ ಹೇಳಿ.

ಪ್ರಶ್ನೆ: ಈಗ ಘಟ್ಟಕ್ಕೂ ಕರೆಂಟ್ ಲೈನ್ ಹಾಕಿದ್ದಾರಲ್ಲ, ಇನ್ನು ಬೆಂಗಳೂರಿಂದ ಮಂಗಳೂರಿಗೆ ಐದಾರು ಗಂಟೆಯಲ್ಲಿ ಹೋಗಬಹುದು ಅಂತ ಎಲ್ಲರೂ ಹೇಳುತ್ತಿದ್ದಾರೆ. ನಿಜವಾ? (ಉಡುಪಿ)

ಉತ್ತರ: ಘಟ್ಟದ ಭಾಗದಲ್ಲಿ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ ಮಾರಾಯ್ರೇ. ವೇಗಕ್ಕೆ ಅಲ್ಲಿ ಅಡ್ಡ ಬಂದಿರುವುದು ಎಂಜಿನ್ ಅಲ್ಲ, ಇಳಿಜಾರು ಮತ್ತು ತಿರುವು. ಡೀಸೆಲ್ ಹೋಗಿ ಕರೆಂಟ್ ಬಂದರೂ ಗುಡ್ಡ ಅಲ್ಲೇ ಇರುತ್ತದೆ. ಹಾಗಂತ ಲಾಭ ಇಲ್ಲ ಅಂತಲ್ಲ. ಸುರಂಗದಲ್ಲಿ ಹೊಗೆ ತುಂಬಿಕೊಳ್ಳುವುದು ನಿಲ್ಲುತ್ತದೆ. ಹತ್ತುವಾಗ ಎಳೆಯುವ ಶಕ್ತಿ ಜಾಸ್ತಿ. ಇಳಿಯುವಾಗ ಹೊಸ ಬಗೆಯ ಎಂಜಿನ್‌ಗಳು ಮೋಟಾರಿನಿಂದಲೇ ಬ್ರೇಕ್ ಹಿಡಿದು ಆ ಕರೆಂಟನ್ನು ವಾಪಸ್ ತಂತಿಗೆ ಕಳಿಸುತ್ತವೆ. ದಾರಿಯಲ್ಲಿ ಎಂಜಿನ್ ಬದಲಿಸುವ ಹೊತ್ತೂ ಉಳಿಯುತ್ತದೆ.

ನನ್ನ ತಕರಾರು ಇರುವುದು ಇಲ್ಲಿ. ಈ ಕೆಲಸಕ್ಕೆ ಅಂತ 2025ರ ಜೂನಿನಿಂದ ಹಗಲಿನ ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದರು. ಕೆಲಸ ಆಗಬೇಕು, ಒಪ್ಪಿದೆ. ಆದರೆ ಅಷ್ಟು ತಿಂಗಳು ತಡೆದುಕೊಂಡ ಜನಕ್ಕೆ ಮೊದಲಿಗಿಂತ ಒಂದಾದರೂ ಗಾಡಿ ಜಾಸ್ತಿ ಸಿಗಬೇಕಲ್ವಾ? ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ನಿಂತು ನೋಡಿ, ಕರಾವಳಿ ಕಡೆಗೆ ಎಷ್ಟು ಬಸ್ಸು ಹೊರಡುತ್ತವೆ ಅಂತ. ಅದೇ ಸಮಯಕ್ಕೆ ರೈಲಿನಲ್ಲಿ ವೇಟಿಂಗ್ ಲಿಸ್ಟ್. ಹಬ್ಬ ಬಂದರೆ ಖಾಸಗಿ ಬಸ್ಸಿನ ದರ ಎರಡು ಪಟ್ಟು, ಮೂರು ಪಟ್ಟು. ಘಟ್ಟದಲ್ಲಿ ಒಂಟಿ ಹಳಿ, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ ಗಾಡಿಗಳು ಒಂದನ್ನೊಂದು ದಾಟಲು ಇರುವುದು ಬೆರಳೆಣಿಕೆಯ ಸ್ಟೇಷನ್‌ಗಳು, ಬಂದರಿನ ಗೂಡ್ಸಿಗೂ ಅದೇ ದಾರಿ. ಇದೆಲ್ಲ ಗೊತ್ತಿದ್ದೇ ಕೇಳುತ್ತಿದ್ದೇನೆ. ದಿನಕ್ಕೆ ಒಂದು ಹೊಸ ರಾತ್ರಿ ಗಾಡಿ, ಪ್ರತಿದಿನವೂ ಓಡುವ ಒಂದು ಹಗಲು ಗಾಡಿ, ಎರಡರಲ್ಲೂ ಸಾಕಷ್ಟು ಜನರಲ್ ಬೋಗಿ. ಒಂದು ಗಂಟೆ ತಡವಾಗಿ ಮುಟ್ಟಿದರೂ ಪರವಾಗಿಲ್ಲ, ಹೊರಟವರಿಗೆಲ್ಲ ಕೂರಲು ಜಾಗ ಬೇಕು.

ಪ್ರಶ್ನೆ: ನಮ್ಮದು ಎಡಮಂಗಲದ ಹತ್ತಿರ. ನಮಗೆ ಬೆಂಗಳೂರು ಬೇಡ, ಮಂಗಳೂರಿಗೆ ಹೋಗಿ ಬರಲು ಲೋಕಲ್ ಗಾಡಿ ಸಾಕು. ಮಗಳು ಅಲ್ಲಿ ಕಾಲೇಜಿಗೆ ಹೋಗುತ್ತಾಳೆ. ಸಮಯದ ಬಗ್ಗೆ ಒಂದು ಮನವಿ ಕೊಡಬೇಕು ಅಂತಿದ್ದೇವೆ. ಯಾರಿಗೆ ಬರೆಯಬೇಕು? ಹೋದಲ್ಲೆಲ್ಲ "ಇದು ನಮಗೆ ಬರೋದಿಲ್ಲ" ಅನ್ನುತ್ತಾರೆ. (ಕಡಬ ತಾಲೂಕು)

ಉತ್ತರ: ನಿಮಗೆ ಹಾಗೆ ಹೇಳಲು ಕಾರಣ ಇದೆ. ಮಂಗಳೂರಿನಲ್ಲಿ ಮೂರು ರೈಲ್ವೆ ಬಂದು ಸೇರುತ್ತವೆ. ನಿಮ್ಮ ಊರಿನ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು, ಅದು ಪಡೀಲಿನ ಹತ್ತಿರ ಮುಗಿಯುತ್ತದೆ. ಮಂಗಳೂರು ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ. ತೋಕೂರಿನಿಂದ ಆಚೆಗೆ ಕೊಂಕಣ ರೈಲ್ವೆ. ಊರು ಒಂದೇ ಆದರೂ ಮನವಿ ಹಿಡಿದುಕೊಂಡು ಮೂರು ಬಾಗಿಲು ತಟ್ಟಬೇಕು.

ಹಾಗಾಗಿ ಒಂದೇ ಪತ್ರವನ್ನು ಮೈಸೂರು ವಿಭಾಗಕ್ಕೂ ಪಾಲಕ್ಕಾಡ್ ವಿಭಾಗಕ್ಕೂ ಒಟ್ಟಿಗೆ ಕಳಿಸಿ. ಎರಡು ಪತ್ರದಲ್ಲೂ ಇನ್ನೊಬ್ಬರಿಗೂ ಕಳಿಸಿದ್ದೇವೆ ಅಂತ ಬರೆಯಿರಿ. ಪ್ರತಿಯನ್ನು ನಿಮ್ಮ ಸಂಸದರ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕೇಳಿದರೆ ಸಿಗುವುದೇ ಇಲ್ಲ ಅಂತಲ್ಲ. ಪುತ್ತೂರಿನವರೆಗೆ ಮಾತ್ರ ಬರುತ್ತಿದ್ದ ಪ್ಯಾಸೆಂಜರ್ 2025ರ ಏಪ್ರಿಲಿನಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ಬಂದದ್ದು ಹಾಗೆ ಕೇಳಿ ಕೇಳಿಯೇ.

ಪತ್ರದಲ್ಲಿ ಕಾಲೇಜು ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಬಿಡುತ್ತದೆ, ಎಡಮಂಗಲ, ಕಾಣಿಯೂರು, ನರಿಮೊಗರಿನಲ್ಲಿ ಎಷ್ಟು ಮಕ್ಕಳು ಹತ್ತುತ್ತಾರೆ ಅಂತ ಒಂದು ವಾರ ಎಣಿಸಿ ಬರೆಯಿರಿ. ಮಕ್ಕಳ ಕೈಯಲ್ಲೇ ಎಣಿಸಿ. ಸೀಸನ್ ಪಾಸ್ ಇರುವವರ ಪಾಸಿನ ಜೆರಾಕ್ಸ್ ಜೊತೆಗಿಡಿ. ಉತ್ತರ ಏನು ಬಂತು ಅಂತ ನನಗೂ ಬರೆಯಿರಿ, ಇದೇ ಅಂಕಣದಲ್ಲಿ ಹಾಕುತ್ತೇನೆ.